ತಮ್ಮ ಲೆಕ್ಕವನ್ನು ತಾವೇ ಬರೆದ ದೇಶಗಳು: ಆಡಳಿತ, ಶಾಂತಿ ಮತ್ತು ಭದ್ರತೆಯ ಅಧಿಕೃತ ಅಂಕಿಅಂಶಗಳು ಬೆಳೆದು ಬಂದ ಬಗೆ

ಜನಸಂಖ್ಯೆ, ಬೆಳೆ, ಬೆಲೆ, ಉದ್ಯೋಗ, ಆಮದು, ರಫ್ತು ಮೊದಲಾದವನ್ನು ಎಣಿಸುವುದು ಸರ್ಕಾರದ ಅಂಕಿಅಂಶ ಕಚೇರಿಯ ಕರ್ತವ್ಯವೆಂಬ ವಿಷಯದಲ್ಲಿ ಯಾವ ದೇಶದಲ್ಲಿಯೂ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆದರೆ ಅದೇ ದೇಶದ ಪ್ರಜೆಯು ಕಚೇರಿಯಲ್ಲಿ ಕೆಲಸ ಮಾಡಿಸಿಕೊಳ್ಳಲು ಲಂಚ ಕೊಡಬೇಕಾಯಿತೇ, ಕತ್ತಲಾದ ಮೇಲೆ ತನ್ನ ಬೀದಿಯಲ್ಲಿ ನಿರ್ಭಯವಾಗಿ ನಡೆಯಬಲ್ಲನೇ, ನ್ಯಾಯಾಲಯವನ್ನೂ ಪೊಲೀಸರನ್ನೂ ಎಷ್ಟರಮಟ್ಟಿಗೆ ನಂಬುತ್ತಾನೆ, ಜಾತಿ, ಜನಾಂಗ, ಧರ್ಮ ಅಥವಾ ಲಿಂಗದ ಕಾರಣದಿಂದ ಅವನಿಗಾಗಲಿ ಅವಳಿಗಾಗಲಿ ಅನ್ಯಾಯವಾಗಿದೆಯೇ ಎಂಬ ಪ್ರಶ್ನೆಗಳು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಬಹುಪಾಲು ದೇಶಗಳ ಅಧಿಕೃತ ಪ್ರಶ್ನಾವಳಿಗಳಿಂದ ಹೊರಗೇ ಉಳಿದಿದ್ದವು. ಇವು ರಾಜಕೀಯದ ವಿಷಯಗಳು, ಅಳತೆಗೆ ಸಿಗುವಂಥವಲ್ಲ, ಸಿಕ್ಕರೂ ಸರ್ಕಾರಿ ಸಿಬ್ಬಂದಿ ಕೇಳಿದರೆ ಜನ ನಿಜ ಹೇಳುವುದಿಲ್ಲ ಎಂಬ ಭಾವನೆ ಸಾಂಖ್ಯಿಕ ತಜ್ಞರಲ್ಲಿಯೇ ಬಲವಾಗಿತ್ತು. ಈ ಭಾವನೆಯನ್ನು ಪರೀಕ್ಷೆಗೆ ಒಡ್ಡಿ, ಅದು ಬಹುಮಟ್ಟಿಗೆ ತಪ್ಪೆಂದು ತೋರಿಸಿ, ‘ಆಡಳಿತ, ಶಾಂತಿ ಮತ್ತು ಭದ್ರತೆ’ ಎಂಬ ಹೆಸರಿನಲ್ಲಿ ಹೊಸದೊಂದು ಅಧಿಕೃತ ಅಂಕಿಅಂಶ ಶಾಖೆಯನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದದ್ದು ಆಫ್ರಿಕಾ ಖಂಡ. ಸಂಪನ್ಮೂಲದ ಕೊರತೆಗಾಗಿ ಸದಾ ಉದಾಹರಿಸಲ್ಪಡುವ ಸಾಂಖ್ಯಿಕ ಸಂಸ್ಥೆಗಳು ಜಗತ್ತಿನ ಮಿಕ್ಕ ಸಂಸ್ಥೆಗಳಿಗೆ ದಾರಿ ತೋರಿದ ಈ ಚರಿತ್ರೆ ಕನ್ನಡದಲ್ಲಿ ವಿವರವಾಗಿ ದಾಖಲಾಗಬೇಕಾದದ್ದು.

ಅಧಿಕೃತ ಕಚೇರಿಗಳು ಬಿಟ್ಟ ಜಾಗವನ್ನು 1990ರ ದಶಕದಲ್ಲಿ ಬೇರೆಯವರು ತುಂಬಿದರು. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯು 1995ರಲ್ಲಿ ಭ್ರಷ್ಟಾಚಾರ ಗ್ರಹಿಕೆಯ ಸೂಚ್ಯಂಕವನ್ನು ಆರಂಭಿಸಿತು. ವಿಶ್ವ ಬ್ಯಾಂಕಿನ ವಿಶ್ವವ್ಯಾಪಿ ಆಡಳಿತ ಸೂಚಕಗಳು 1996ರಿಂದ ಮುಂದಿನ ವರ್ಷಗಳಿಗೆ ಲಭ್ಯವಾದವು. ಗ್ರಹಿಕೆಯ ಸೂಚ್ಯಂಕವೆಂದರೆ, ಒಂದು ದೇಶದ ಸ್ಥಿತಿಯ ಬಗ್ಗೆ ಉದ್ಯಮಿಗಳು, ವಿಶ್ಲೇಷಕರು, ವಿಷಯತಜ್ಞರು ಹೊಂದಿರುವ ಅಭಿಪ್ರಾಯಗಳನ್ನು ಹಲವು ಮೂಲಗಳಿಂದ ಸಂಗ್ರಹಿಸಿ, ಒಗ್ಗೂಡಿಸಿ, ಒಂದೇ ಅಂಕಕ್ಕೆ ಇಳಿಸುವುದು. ಇಂಥ ಅಂಕಗಳಿಂದ ಲೋಕದ ಗಮನ ಭ್ರಷ್ಟಾಚಾರದ ಕಡೆಗೆ ಹರಿಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ 2004ರಲ್ಲಿ ಅಮೆರಿಕ ಸ್ಥಾಪಿಸಿದ ಮಿಲೆನಿಯಮ್ ಚಾಲೆಂಜ್ ಕಾರ್ಪೊರೇಷನ್ ಮೊದಲಾದ ನೆರವಿನ ಸಂಸ್ಥೆಗಳು ಯಾವ ದೇಶ ನೆರವಿಗೆ ಅರ್ಹವೆಂಬುದನ್ನು ನಿರ್ಧರಿಸುವಾಗ ಇವನ್ನೇ ಆಧಾರವಾಗಿಟ್ಟುಕೊಂಡಾಗ, ಬಡ ದೇಶವೊಂದರ ಆಡಳಿತದ ಬಗೆಗಿನ ತೀರ್ಪು ಆ ದೇಶದ ಜನರನ್ನು ಒಂದು ಮಾತೂ ಕೇಳದೆ ಹೊರಬೀಳುವ ಪರಿಸ್ಥಿತಿ ಉಂಟಾಯಿತು. ಯಾವ ಪ್ರಾಂತ್ಯದಲ್ಲಿ, ಯಾವ ಇಲಾಖೆಯಲ್ಲಿ, ಯಾವ ವರ್ಗದ ಜನರಿಗೆ ತೊಂದರೆ ಹೆಚ್ಚು ಎಂಬುದನ್ನು ಇಡೀ ದೇಶಕ್ಕೆ ಒಂದೇ ಅಂಕ ಕೊಡುವ ಕ್ರಮವು ಹೇಳಲಾರದು. ಆದುದರಿಂದ ಅದು ಸುಧಾರಣೆಗೆ ಕೈಗೆಟುಕುವ ಸಾಧನವಾಗಲಿಲ್ಲ.

ಸಾಂಖ್ಯಿಕ ತಜ್ಞರು ಈ ವಿಷಯವನ್ನು ತಮ್ಮದೆಂದು ಗಂಭೀರವಾಗಿ ಎತ್ತಿಕೊಂಡ ಸಂದರ್ಭಗಳಲ್ಲಿ 2000ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ‘ಅಂಕಿಅಂಶ, ಅಭಿವೃದ್ಧಿ ಮತ್ತು ಮಾನವ ಹಕ್ಕುಗಳು’ ಎಂಬ ವಿಷಯದ ಮೇಲೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಮುಖ್ಯವಾದದ್ದು. ಅದರ ಬೆನ್ನಿಗೆ 2004ರಲ್ಲಿ ಮೆಟಾಗೋರಾ ಎಂಬ ಯೋಜನೆ ಆರಂಭವಾಗಿ, ಮೆಕ್ಸಿಕೊ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಾ ಮೊದಲಾದ ಕಡೆಗಳಲ್ಲಿ ಪ್ರಜಾಪ್ರಭುತ್ವವನ್ನೂ ಮಾನವ ಹಕ್ಕುಗಳನ್ನೂ ಸಮೀಕ್ಷೆಯ ಮೂಲಕ ಅಳೆಯುವ ಪ್ರಯೋಗಗಳು ನಡೆದವು. ಪೆರು ದೇಶದ ರಾಷ್ಟ್ರೀಯ ಸಾಂಖ್ಯಿಕ ಸಂಸ್ಥೆಯು ತನ್ನ ನಿರಂತರ ಕುಟುಂಬ ಸಮೀಕ್ಷೆಯಲ್ಲಿಯೇ ಆಡಳಿತದ ಪ್ರಶ್ನೆಗಳಿಗೆ ಸ್ಥಾನ ಕೊಟ್ಟಿತು. ಆದರೆ ಇವೆಲ್ಲಕ್ಕಿಂತ ದೂರಗಾಮಿಯಾದ ಕೆಲಸ ಪಶ್ಚಿಮ ಆಫ್ರಿಕಾದ ಪ್ರಮುಖ ನಗರಗಳಲ್ಲಿ, ಹೆಚ್ಚಿನ ಪ್ರಚಾರವಿಲ್ಲದೆ, ಅದಕ್ಕೂ ಮೊದಲೇ ನಡೆದಿತ್ತು.

ಆ ಕೆಲಸದ ಆಧಾರ ‘1-2-3 ಸಮೀಕ್ಷೆ’ ಎಂದು ಕರೆಯಲ್ಪಡುವ ವಿಧಾನ. ಮೊದಲ ಹಂತದಲ್ಲಿ ಉದ್ಯೋಗ, ಎರಡನೆಯ ಹಂತದಲ್ಲಿ ಅನೌಪಚಾರಿಕ ವಲಯ, ಅಂದರೆ ನೋಂದಣಿಯಿಲ್ಲದ ಸಣ್ಣಪುಟ್ಟ ವ್ಯಾಪಾರ ಮತ್ತು ಕಸುಬು, ಮೂರನೆಯ ಹಂತದಲ್ಲಿ ಕುಟುಂಬದ ಖರ್ಚು ಮತ್ತು ಬಡತನ, ಹೀಗೆ ಒಂದರ ಮೇಲೊಂದು ಕೂಡುವ ಮೂರು ಹಂತಗಳಿಂದ ಅದಕ್ಕೆ ಆ ಹೆಸರು ಬಂದಿತು. ಪ್ಯಾರಿಸ್ಸಿನ ದಿಯಾಲ್ ಸಂಶೋಧನಾ ಕೇಂದ್ರದ ಮಿರೇ ರಜಾಫಿಂದ್ರಕೋಟೊ ಮತ್ತು ಫ್ರಾನ್ಸ್ವಾ ರೂಬೊ ಎಂಬ ಅರ್ಥಶಾಸ್ತ್ರಜ್ಞರು ಮಡಗಾಸ್ಕರಿನ ಅಂಟಾನನರಿವೊದಲ್ಲಿ 1990ರ ದಶಕದ ನಡುವಿನಿಂದ ಈ ವಿಧಾನವನ್ನು ಪಳಗಿಸಿದ್ದರು. 2001ರಿಂದ 2003ರವರೆಗಿನ ಅವಧಿಯಲ್ಲಿ ಅಬಿಜಾನ್, ಬಮಾಕೊ, ಕೊತೊನೂ, ಡಕಾರ್, ಲೊಮೆ, ನಿಯಾಮೆ ಮತ್ತು ವಗಡೂಗು ನಗರಗಳಲ್ಲಿ ಆಯಾ ದೇಶಗಳ ಸಾಂಖ್ಯಿಕ ಸಂಸ್ಥೆಗಳೇ ಸಮೀಕ್ಷೆ ನಡೆಸಿದಾಗ, ಅದಕ್ಕೆ ಆಡಳಿತ ಮತ್ತು ಪ್ರಜಾಪ್ರಭುತ್ವದ ಪ್ರಶ್ನೆಗಳ ಕಿರುಭಾಗಗಳನ್ನು ಜೋಡಿಸಲಾಯಿತು. ಅಂಟಾನನರಿವೊವನ್ನೂ ಸೇರಿಸಿ ಈ ಎಂಟು ನಗರಗಳಲ್ಲಿ ಸುಮಾರು 35,000 ವಯಸ್ಕರು ಉತ್ತರಿಸಿದರು. ಉತ್ತರಿಸಲು ನಿರಾಕರಿಸಿದವರ ಪ್ರಮಾಣ ಅತ್ಯಲ್ಪವಾಗಿತ್ತು. ಈಗಾಗಲೇ ನಡೆಯುವ ಸಮೀಕ್ಷೆಗೆ ಕೆಲವು ಪ್ರಶ್ನೆಗಳನ್ನು ಸೇರಿಸುವುದರಿಂದ ಖರ್ಚು ಹೆಚ್ಚೇನೂ ಏರುವುದಿಲ್ಲ ಎಂಬುದು ಈ ಕ್ರಮದ ಒಂದು ಪ್ರಯೋಜನ. ಲಂಚ ಕೊಟ್ಟವರ ಆದಾಯವೆಷ್ಟು, ಓದು ಎಷ್ಟು, ಅವರು ಹೆಂಗಸೋ ಗಂಡಸೋ, ಯಾವ ಕೆಲಸದಲ್ಲಿದ್ದಾರೆ ಎಂಬ ವಿವರಗಳೆಲ್ಲ ಅದೇ ಪ್ರಶ್ನಾವಳಿಯ ಬೇರೆ ಭಾಗಗಳಲ್ಲಿ ಇರುವುದರಿಂದ ಅನ್ಯಾಯದ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ನೇರವಾಗಿ ನೋಡಬಹುದೆಂಬುದು ಅದಕ್ಕಿಂತ ದೊಡ್ಡ ಪ್ರಯೋಜನ.

ಈ ಸಂಶೋಧಕರು ಇನ್ನೊಂದು ಕೆಲಸವನ್ನೂ ಮಾಡಿದರು. ಜನರಿಗೆ ಕೇಳಿದ ಪ್ರಶ್ನೆಗಳನ್ನೇ ಆ ದೇಶಗಳನ್ನು ಬಲ್ಲ ತಜ್ಞರ ಮುಂದಿಟ್ಟು, ಜನ ಏನು ಉತ್ತರಿಸಿರಬಹುದೆಂದು ಊಹಿಸುವಂತೆ ಕೇಳಿಕೊಂಡರು. ಕಳೆದ ವರ್ಷದಲ್ಲಿ ತಾವು ಸ್ವತಃ ಭ್ರಷ್ಟಾಚಾರಕ್ಕೆ ಒಳಗಾದೆವೆಂದು ಹೇಳಿದ ನಾಗರಿಕರು ನೂರಕ್ಕೆ ಸುಮಾರು 13 ಮಂದಿ ಇದ್ದರೆ, ತಜ್ಞರ ಊಹೆಯ ಸರಾಸರಿ ನೂರಕ್ಕೆ ಐವತ್ತನ್ನೂ ಮೀರಿತ್ತು. ದೊಡ್ಡ ಗುತ್ತಿಗೆಗಳಲ್ಲಿ, ಮೇಲಿನ ಹಂತದಲ್ಲಿ ನಡೆಯುವ ಭ್ರಷ್ಟಾಚಾರವನ್ನು ಕುಟುಂಬ ಸಮೀಕ್ಷೆ ಹಿಡಿಯಲಾರದು ಎಂಬ ಮಿತಿಯನ್ನು ಇಲ್ಲಿ ಮರೆಯಬಾರದು. ಆದರೂ ದಿನನಿತ್ಯದ ಲಂಚದ ಬಗ್ಗೆ ದೂರದಿಂದ ಕೊಡುವ ಅಭಿಪ್ರಾಯಕ್ಕೂ ಜನರ ಅನುಭವಕ್ಕೂ ನಡುವೆ ಇಷ್ಟು ಅಂತರವಿದೆಯೆಂಬುದು ಸಾಬೀತಾದ ಮೇಲೆ, ಜನರನ್ನೇ ಕೇಳಬೇಕೆಂಬ ವಾದಕ್ಕೆ ಬೇರೆ ಸಮರ್ಥನೆ ಬೇಕಾಗಲಿಲ್ಲ. ಈ ಲೇಖನದಲ್ಲಿ ಹೇಳಲಾಗುತ್ತಿರುವ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಶೋಧ ಇನ್ನೊಂದಿಲ್ಲ.

ಪ್ರಯೋಗದ ಮಟ್ಟದಲ್ಲಿದ್ದ ಕೆಲಸಕ್ಕೆ ಖಂಡದ ಮಟ್ಟದ ಸ್ಥಾನ ಸಿಕ್ಕಿದ್ದು ಮುಂದಿನ ದಶಕದಲ್ಲಿ. 2009ರ ಫೆಬ್ರವರಿಯಲ್ಲಿ ಆಫ್ರಿಕಾ ಒಕ್ಕೂಟವು ಅಡಿಸ್ ಅಬಾಬಾದಲ್ಲಿ ಅಂಗೀಕರಿಸಿದ ಆಫ್ರಿಕಾದ ಅಂಕಿಅಂಶ ಸನ್ನದು, ಸಾಂಖ್ಯಿಕ ಸಂಸ್ಥೆಗಳು ವೃತ್ತಿಪರ ಸ್ವಾತಂತ್ರ್ಯದಿಂದ, ರಾಜಕೀಯ ಒತ್ತಡಕ್ಕೆ ಮಣಿಯದೆ ಕೆಲಸ ಮಾಡಬೇಕೆಂಬುದನ್ನು ಸದಸ್ಯ ದೇಶಗಳ ಒಪ್ಪಂದದ ಮಾತಾಗಿಸಿತು. ಅಗತ್ಯ ಸಂಖ್ಯೆಯ ದೇಶಗಳು ಅನುಮೋದಿಸಿದ ಮೇಲೆ 2015ರಲ್ಲಿ ಅದು ಜಾರಿಗೆ ಬಂದಿತು. 2010ರಲ್ಲಿ ಆಫ್ರಿಕಾ ಒಕ್ಕೂಟದ ಆಯೋಗ, ಆಫ್ರಿಕಾ ಅಭಿವೃದ್ಧಿ ಬ್ಯಾಂಕು ಮತ್ತು ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗಗಳು ಕೂಡಿ ರೂಪಿಸಿದ ಸಮನ್ವಯ ಕಾರ್ಯತಂತ್ರ ಅಂಗೀಕೃತವಾಯಿತು. ‘ಶಾಸಾ’ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾದ ಈ ಕಾರ್ಯತಂತ್ರದ ಉದ್ದೇಶ, ದೇಶದೇಶಗಳ ಅಂಕಿಅಂಶಗಳು ಒಂದೇ ವ್ಯಾಖ್ಯೆ, ಒಂದೇ ವಿಧಾನವನ್ನು ಅನುಸರಿಸುವಂತೆ ಮಾಡುವುದು. ಅದರ ಅಡಿಯಲ್ಲಿ ರಚಿತವಾದ ವಿಶೇಷ ತಾಂತ್ರಿಕ ಗುಂಪುಗಳಲ್ಲಿ ಆಡಳಿತ, ಶಾಂತಿ ಮತ್ತು ಭದ್ರತೆಗೆ ಪ್ರತ್ಯೇಕವಾದ ಒಂದು ಗುಂಪು ಇತ್ತು. ಬೆಲೆ ಸೂಚ್ಯಂಕಕ್ಕೂ ರಾಷ್ಟ್ರೀಯ ವರಮಾನದ ಲೆಕ್ಕಕ್ಕೂ ಸಮಾನವಾದ ಸ್ಥಾನವನ್ನು ಆಡಳಿತದ ಅಳತೆಗೆ ಕೊಟ್ಟ ಈ ನಿರ್ಧಾರ ಧೈರ್ಯದ್ದು.

ಈ ಗುಂಪು ಎರಡು ಸಾಧನಗಳನ್ನು ಸಿದ್ಧಪಡಿಸಿತು. ಮೊದಲನೆಯದು ಆಡಳಿತಾತ್ಮಕ ದಾಖಲೆಗಳ ನಮೂನೆ. ಪೊಲೀಸ್ ಠಾಣೆ, ನ್ಯಾಯಾಲಯ, ಸೆರೆಮನೆ, ಚುನಾವಣಾ ಕಚೇರಿ ಮೊದಲಾದವು ತಮ್ಮ ದೈನಂದಿನ ಕೆಲಸದಲ್ಲಿ ಬರೆದಿಡುವ ದಾಖಲೆಗಳಿಂದ ನಿಗದಿತ ಕ್ರಮದಲ್ಲಿ ಅಂಕಿಗಳನ್ನು ಸಂಗ್ರಹಿಸುವುದು ಇದರ ಕೆಲಸ. ಎರಡನೆಯದು ಕುಟುಂಬ ಸಮೀಕ್ಷೆಗೆ ಜೋಡಿಸಬಹುದಾದ ಪ್ರಶ್ನಾಭಾಗಗಳು. ಕಚೇರಿಯ ದಾಖಲೆಯಲ್ಲಿ ಕಾಣುವುದು ಕಚೇರಿಯ ಬಾಗಿಲಿನವರೆಗೆ ಬಂದ ಸಂಗತಿ ಮಾತ್ರ. ಬಾರದೆ ಉಳಿದದ್ದನ್ನು ಮನೆಗೇ ಹೋಗಿ ಕೇಳಬೇಕು ಎಂಬ ತಿಳಿವಳಿಕೆ ಈ ಜೋಡಣೆಯ ಹಿಂದೆ ಇತ್ತು. 2010ರ ದಶಕದ ಮೊದಲರ್ಧದಲ್ಲಿ ಕಾಬೊ ವೆರ್ದೆ, ಬುರುಂಡಿ, ಕ್ಯಾಮರೂನ್, ಕೋಟ್ ದಿವಾರ್, ಮಾಲಿ, ಉಗಾಂಡಾ ಮೊದಲಾದ ದೇಶಗಳಲ್ಲಿ ಇವುಗಳ ಪ್ರಾಯೋಗಿಕ ಬಳಕೆ ನಡೆಯಿತು.

ಇವುಗಳಲ್ಲಿ ಮಾಲಿಯ ಉದಾಹರಣೆ ವಿಶೇಷ ಗಮನಕ್ಕೆ ಅರ್ಹವಾದದ್ದು. 2012ರ ಮಾರ್ಚಿನಲ್ಲಿ ಅಲ್ಲಿ ಸೈನಿಕ ಕ್ರಾಂತಿಯಾಗಿ, ದೇಶದ ಉತ್ತರ ಭಾಗವು ಸಶಸ್ತ್ರ ಗುಂಪುಗಳ ವಶವಾಗಿತ್ತು. ಅಂಥ ಕಾಲ ಕಳೆದು ಎರಡು ವರ್ಷವಾಗುವಷ್ಟರಲ್ಲಿ, 2014ರಿಂದ, ಆ ದೇಶದ ಸಾಂಖ್ಯಿಕ ಸಂಸ್ಥೆಯು ತನ್ನ ಕಾಯಂ ಕುಟುಂಬ ಸಮೀಕ್ಷೆಯಲ್ಲಿ ಭದ್ರತೆ, ಭಯ, ಸಂಸ್ಥೆಗಳ ಮೇಲಿನ ನಂಬಿಕೆ ಮೊದಲಾದ ಪ್ರಶ್ನೆಗಳನ್ನು ಕೇಳತೊಡಗಿತು. ಭದ್ರತೆ ತೀರ ಹದಗೆಟ್ಟ ಪ್ರದೇಶಗಳಿಗೆ ಕ್ಷೇತ್ರ ಸಿಬ್ಬಂದಿ ಹೋಗುವುದೇ ಕಷ್ಟವಾದ್ದರಿಂದ, ಯಾರ ಸ್ಥಿತಿ ಅತ್ಯಂತ ತಿಳಿಯಬೇಕಾಗಿದೆಯೋ ಅವರೇ ಮಾದರಿಯಿಂದ ಹೊರಗುಳಿಯುವ ಅಪಾಯ ಇಂಥ ಸಮೀಕ್ಷೆಗೆ ಯಾವಾಗಲೂ ಇರುತ್ತದೆ. ಆದರೂ ಯುದ್ಧದ ನೆರಳಿನಲ್ಲಿರುವ ಸರ್ಕಾರವೊಂದರ ಕಚೇರಿಯು ವರ್ಷವರ್ಷವೂ ಪ್ರಜೆಗಳ ಭಯವನ್ನು ಕೇಳಿ ಬರೆದುಕೊಂಡಿತೆಂಬುದು ಸಾಂಖ್ಯಿಕ ಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದ ಸಂಗತಿ.

ಸರ್ಕಾರಿ ಕಚೇರಿಯವರು ಕೇಳಿದರೆ ಜನ ಅಳುಕಿ ಸುಳ್ಳು ಹೇಳುತ್ತಾರೆಂಬ ಆಕ್ಷೇಪಣೆಗೆ ಉತ್ತರವೂ ಈ ಸಮೀಕ್ಷೆಗಳಿಂದಲೇ ದೊರೆಯಿತು. 1999ರಿಂದ ಆಫ್ರಿಕಾದ ಹಲವು ದೇಶಗಳಲ್ಲಿ ಸ್ವತಂತ್ರವಾಗಿ ಅಭಿಪ್ರಾಯ ಸಮೀಕ್ಷೆ ನಡೆಸುತ್ತಿರುವ ಆಫ್ರೊಬ್ಯಾರೊಮೀಟರ್ ಜಾಲದ ಫಲಿತಾಂಶಗಳನ್ನೂ ಅಧಿಕೃತ ಸಂಸ್ಥೆಗಳ ಫಲಿತಾಂಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಂಖ್ಯಿಕ ಸಂಸ್ಥೆಗಳ ಮುಂದೆ ಜನ ವ್ಯವಸ್ಥಿತವಾಗಿ ಬಾಯಿ ಕಟ್ಟಿಕೊಳ್ಳುತ್ತಾರೆ ಎನ್ನುವುದಕ್ಕೆ ಆಧಾರ ಕಾಣಲಿಲ್ಲವೆಂದು ತೀರ್ಮಾನಿಸಿತು. ಸ್ವತಂತ್ರ ಜಾಲದವರು ಮನೆಗೆ ಬಂದಾಗಲೂ ಉತ್ತರಿಸುವವರಲ್ಲಿ ಬಹುಮಂದಿ ಅವರನ್ನು ಸರ್ಕಾರವೇ ಕಳುಹಿಸಿದೆಯೆಂದು ಭಾವಿಸುತ್ತಾರೆಂಬ ಅಂಶವೂ ಇಲ್ಲಿ ಗಮನಾರ್ಹ.

ಖಂಡದ ಈ ಅನುಭವವನ್ನು ವಿಶ್ವಸಂಸ್ಥೆಯ ಅಂಗಳಕ್ಕೆ ತಂದ ದೇಶ ಕಾಬೊ ವೆರ್ದೆ. ಅಟ್ಲಾಂಟಿಕ್ ಸಾಗರದ ಹತ್ತು ದ್ವೀಪಗಳ, ಸುಮಾರು ಐದು ಲಕ್ಷ ಜನಸಂಖ್ಯೆಯ ಈ ಗಣರಾಜ್ಯ 1975ರಲ್ಲಿ ಪೋರ್ಚುಗಲ್ಲಿನಿಂದ ಸ್ವತಂತ್ರವಾಗಿ, 1991ರಲ್ಲಿ ಮೊದಲ ಬಹುಪಕ್ಷ ಚುನಾವಣೆಯನ್ನು ನಡೆಸಿತ್ತು. 2015ರ ಮಾರ್ಚಿನಲ್ಲಿ ಸೇರಿದ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗದ 46ನೆಯ ಅಧಿವೇಶನದಲ್ಲಿ ಅದರ ರಾಷ್ಟ್ರೀಯ ಸಾಂಖ್ಯಿಕ ಸಂಸ್ಥೆ ಮಂಡಿಸಿದ ವರದಿಯ ಫಲವಾಗಿ, ಆಡಳಿತದ ಅಂಕಿಅಂಶಗಳಿಗಾಗಿ ಒಂದು ‘ನಗರ ಗುಂಪು’ ಸ್ಥಾಪಿತವಾಯಿತು. ನಗರ ಗುಂಪು ಎಂದರೆ, ಅಳತೆಯ ಕ್ರಮ ಇನ್ನೂ ಸ್ಥಿರವಾಗದ ವಿಷಯವೊಂದರ ಬಗ್ಗೆ ಹಲವು ದೇಶಗಳ ಅಧಿಕೃತ ಸಾಂಖ್ಯಿಕರು ಒಟ್ಟಿಗೆ ಕೂತು ವಿಧಾನವನ್ನು ರೂಪಿಸುವ ಅನೌಪಚಾರಿಕ ಸಮಿತಿ. ಮೊದಲ ಸಭೆ ಸೇರಿದ ನಗರದ ಹೆಸರನ್ನು ಅದಕ್ಕೆ ಇಡುವುದು ವಾಡಿಕೆ. ಸೇವಾ ವಲಯದ ಅಂಕಿಅಂಶಗಳಿಗಾಗಿ 1986ರಲ್ಲಿ ನೆದರ್ಲೆಂಡ್ಸಿನ ವೋರ್‌ಬರ್ಗಿನಲ್ಲಿ ಆರಂಭವಾದ ಈ ಸಂಪ್ರದಾಯದಲ್ಲಿ ಭಾರತದ ಪಾಲೂ ಇದೆ. ಅನೌಪಚಾರಿಕ ವಲಯದ ಅಳತೆಗಾಗಿ 1997ರಲ್ಲಿ ಹುಟ್ಟಿದ ಗುಂಪಿನ ಹೆಸರು ದೆಹಲಿ ಗುಂಪು. ಆಡಳಿತದ ಗುಂಪು 2015ರ ಜೂನಿನಲ್ಲಿ ಕಾಬೊ ವೆರ್ದೆಯ ರಾಜಧಾನಿಯಲ್ಲಿ ಮೊದಲ ಬಾರಿ ಸೇರಿ ಪ್ರಾಯಾ ಗುಂಪೆಂಬ ಹೆಸರನ್ನು ಪಡೆಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಂಗೀಕೃತವಾದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹದಿನಾರನೆಯದು ಶಾಂತಿ, ನ್ಯಾಯ ಮತ್ತು ಸಮರ್ಥ ಸಂಸ್ಥೆಗಳಿಗೆ ಮೀಸಲಾದದ್ದರಿಂದ ಈ ಗುಂಪಿನ ಕೆಲಸಕ್ಕೆ ತುರ್ತು ಬಂದಿತು. 2015ಕ್ಕೆ ಮುಗಿದ ಸಹಸ್ರಮಾನ ಅಭಿವೃದ್ಧಿ ಗುರಿಗಳಲ್ಲಿ ಇಂಥ ಗುರಿ ಇರಲಿಲ್ಲ. ಹದಿನಾರನೆಯ ಗುರಿಗೆ ನಿಗದಿಯಾದ ಸೂಚಕಗಳಲ್ಲಿ ಲಕ್ಷ ಜನರಿಗೆ ಎಷ್ಟು ಕೊಲೆ, ಶಿಕ್ಷೆಯ ತೀರ್ಪಾಗದೆ ಸೆರೆಯಲ್ಲಿರುವವರ ಪಾಲೆಷ್ಟು, ಲಂಚ ಕೊಟ್ಟವರು ಅಥವಾ ಕೇಳಿಸಿಕೊಂಡವರೆಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಜನನ ನೋಂದಣಿಯಾದವರೆಷ್ಟು ಎಂಬಂಥ ನೇರ ಎಣಿಕೆಗಳಿದ್ದವು. ತೀರ್ಮಾನಗಳನ್ನು ಕೈಗೊಳ್ಳುವಾಗ ತಮ್ಮ ಮಾತಿಗೂ ಬೆಲೆಯಿದೆಯೆಂದು ಎಷ್ಟು ಜನ ನಂಬುತ್ತಾರೆ ಎಂಬಂಥ, ವಿಧಾನವೇ ಸಿದ್ಧವಾಗಿರದಿದ್ದ ಸೂಚಕಗಳೂ ಇದ್ದವು. ಇಂಥವನ್ನು ಆರಂಭದಲ್ಲಿ ‘ಮೂರನೆಯ ಶ್ರೇಣಿ’ ಎಂದು, ಅಂದರೆ ಅಳೆಯುವ ಸರ್ವಸಮ್ಮತ ವಿಧಾನವಿಲ್ಲದವು ಎಂದು, ವಿಂಗಡಿಸಲಾಗಿತ್ತು. 2020ರ ಹೊತ್ತಿಗೆ ಆ ಶ್ರೇಣಿ ಖಾಲಿಯಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಪ್ರಾಯಾ ಗುಂಪು ಸಿದ್ಧಪಡಿಸಿದ ಆಡಳಿತ ಅಂಕಿಅಂಶಗಳ ಕೈಪಿಡಿ ಸಾಂಖ್ಯಿಕ ಆಯೋಗದ ಮುಂದೆ ಬಂದಿತು. ತಾರತಮ್ಯವಿಲ್ಲದಿರುವಿಕೆ ಮತ್ತು ಸಮಾನತೆ, ಭಾಗವಹಿಸುವಿಕೆ, ಮುಕ್ತತೆ, ನ್ಯಾಯದ ಲಭ್ಯತೆ ಮತ್ತು ಗುಣಮಟ್ಟ, ಸ್ಪಂದನಶೀಲತೆ, ಭ್ರಷ್ಟಾಚಾರವಿಲ್ಲದಿರುವಿಕೆ, ನಂಬಿಕೆ, ಸುರಕ್ಷತೆ ಮತ್ತು ಭದ್ರತೆ ಎಂಬ ಎಂಟು ಆಯಾಮಗಳಾಗಿ ಆಡಳಿತವನ್ನು ಬಿಡಿಸಿ ನೋಡುವ ಈ ಕೈಪಿಡಿ, ಇಡೀ ಆಡಳಿತಕ್ಕೆ ಒಂದೇ ಅಂಕ ಕೊಡುವ ಹಳೆಯ ಕ್ರಮವನ್ನು ಕೈಬಿಟ್ಟಿತು. ಅದರ ದೊಡ್ಡ ಗುಣ ಇದೇ.

ವ್ಯಾಖ್ಯೆಗಳನ್ನು ಸ್ಥಿರಪಡಿಸುವ ಕೆಲಸ ಹೊರಗಿನಿಂದ ಒಣ ವ್ಯವಹಾರವಾಗಿ ಕಂಡರೂ ಅದಿಲ್ಲದೆ ಹೋಲಿಕೆ ಸಾಧ್ಯವಿಲ್ಲ. 2015ರಲ್ಲಿಯೇ ಅಂಗೀಕೃತವಾದ ಅಪರಾಧಗಳ ಅಂತರರಾಷ್ಟ್ರೀಯ ಸಾಂಖ್ಯಿಕ ವರ್ಗೀಕರಣವು ಅಪರಾಧವನ್ನು ಕಾನೂನಿನ ಕಲಮಿನಿಂದ ಗುರುತಿಸದೆ ಕೃತ್ಯದ ಸ್ವರೂಪದಿಂದ ಗುರುತಿಸುತ್ತದೆ. ಭಾರತದಲ್ಲಿ 1953ರಿಂದ ‘ಭಾರತದಲ್ಲಿ ಅಪರಾಧ’ ಎಂಬ ವಾರ್ಷಿಕ ವರದಿ ಪ್ರಕಟವಾಗುತ್ತಿದ್ದು, 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಆ ಪರಂಪರೆಯನ್ನು ಮುಂದುವರಿಸಿದೆ. ಅದರಲ್ಲಿ ಕೊಲೆ ಮತ್ತು ವರದಕ್ಷಿಣೆ ಸಾವು ಬೇರೆ ಬೇರೆ ಶೀರ್ಷಿಕೆಗಳ ಅಡಿಯಲ್ಲಿ ಬರುತ್ತವೆ. ಒಂದೇ ಪ್ರಥಮ ವರ್ತಮಾನ ವರದಿಯಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಗುರುತರವಾದ ಒಂದನ್ನು ಮಾತ್ರ ಎಣಿಸಲಾಗುತ್ತದೆ. ಈ ನಿಯಮಗಳನ್ನು ಅರಿಯದೆ ಭಾರತದ ಅಂಕಿಯನ್ನು ಬೇರೊಂದು ದೇಶದ ಅಂಕಿಯೊಡನೆ ಹೋಲಿಸುವವನು ದಾರಿ ತಪ್ಪುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಈ ವರದಿ ಹೇಳುವುದು ಪೊಲೀಸರಲ್ಲಿ ದಾಖಲಾದ ಅಪರಾಧವನ್ನು. ದಾಖಲೆ ಹೆಚ್ಚಿದ ರಾಜ್ಯದಲ್ಲಿ ಅಪರಾಧ ಹೆಚ್ಚಿತೋ, ದೂರು ಸ್ವೀಕರಿಸುವ ಶಿಸ್ತು ಹೆಚ್ಚಿತೋ ಎಂಬುದು ಅದರಿಂದ ತಿಳಿಯದು.

ಕರ್ನಾಟಕದಲ್ಲಿ ಈ ಭೇದವನ್ನು ಮನದಟ್ಟು ಮಾಡುವ ಉದಾಹರಣೆಯೊಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೌಟುಂಬಿಕ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದಂತೆ ಏಕಾಂತದಲ್ಲಿ ಕೇಳಲಾಗುತ್ತದೆ. 2019-21ರ ಐದನೆಯ ಸುತ್ತಿನಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪಾಲು ಕರ್ನಾಟಕದಲ್ಲಿ ಶೇ. 44.4 ಎಂದು ಕಂಡುಬಂದಿತು; ಹಿಂದಿನ ಸುತ್ತಿನಲ್ಲಿ ಅದು ಶೇ. 20.6 ಇತ್ತು, ಇಡೀ ದೇಶದ ಪ್ರಮಾಣ ಶೇ. 29.3. ಹಿಂಸೆಯೇ ಇಮ್ಮಡಿಯಾಯಿತೋ, ಹೇಳಿಕೊಳ್ಳುವ ಧೈರ್ಯ ಬಂದಿತೋ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ಆದರೆ ಹಿಂಸೆಗೆ ಒಳಗಾದವರಲ್ಲಿ ದೇಶದಾದ್ಯಂತ ನೂರಕ್ಕೆ ಸುಮಾರು 14 ಮಂದಿ ಮಾತ್ರ ಯಾರಿಂದಲಾದರೂ ಸಹಾಯ ಕೋರಿದರೆಂದು ಅದೇ ಸಮೀಕ್ಷೆ ಹೇಳುವಾಗ, ಠಾಣೆಯ ದಾಖಲೆಯನ್ನಷ್ಟೇ ನೆಚ್ಚಿದ ಲೆಕ್ಕ ಎಷ್ಟು ಜನರ ನೋವನ್ನು ಹೊರಗಿಟ್ಟಿತೆಂಬುದು ಸ್ಪಷ್ಟವಾಗುತ್ತದೆ.

ಸಾರ್ವಜನಿಕ ಸೇವೆಯ ಬಗ್ಗೆ ನಾಗರಿಕರನ್ನೇ ಕೇಳುವ ವಿಷಯದಲ್ಲಿ ಬೆಂಗಳೂರಿಗೆ ಇನ್ನೂ ಹಿರಿಯ ಸ್ಥಾನವಿದೆ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್‌ನೊಡನೆ ಗುರುತಿಸಲ್ಪಡುವ ‘ನಾಗರಿಕರ ವರದಿ ಪಟ್ಟಿ’ ನೀರು, ವಿದ್ಯುತ್ತು, ದೂರವಾಣಿ, ನಗರಾಡಳಿತ ಮೊದಲಾದ ಸೇವೆಗಳ ಬಗ್ಗೆ ಬಳಸುವವರ ತೃಪ್ತಿಯನ್ನು ಅಳೆದು ಪ್ರಕಟಿಸಿತು. 1999ರಲ್ಲಿಯೂ 2003ರಲ್ಲಿಯೂ ಅದು ಪುನರಾವರ್ತನೆಗೊಂಡು, ಮೂರನೆಯ ಬಾರಿ ಗಣನೀಯ ಸುಧಾರಣೆಯನ್ನು ದಾಖಲಿಸಿ, ಬೇರೆ ದೇಶಗಳಿಗೂ ಮಾದರಿಯಾಯಿತು. ಅದು ಸ್ವಯಂಸೇವಾ ಸಂಸ್ಥೆಯ ಸಾಧನೆ; ರಾಜ್ಯದ ಅಧಿಕೃತ ಅಂಕಿಅಂಶ ವ್ಯವಸ್ಥೆಯ ಖಾಯಂ ಅಂಗವಾಗಿ ಅದು ನೆಲೆಯೂರಲಿಲ್ಲವೆಂಬುದು ವಿಷಾದದ ಸಂಗತಿ. ದಕ್ಷಿಣ ಆಫ್ರಿಕಾದಲ್ಲಿ 1998ರಲ್ಲಿ ಆರಂಭವಾದ ಅಪರಾಧಕ್ಕೆ ತುತ್ತಾದವರ ಸಮೀಕ್ಷೆಯು 2011ರಿಂದ ಪ್ರತಿವರ್ಷದ ಅಧಿಕೃತ ಕೆಲಸವಾಗಿ, ಮುಂದೆ ಆಡಳಿತ, ಸಾರ್ವಜನಿಕ ಸುರಕ್ಷತೆ ಮತ್ತು ನ್ಯಾಯದ ಸಮೀಕ್ಷೆಯಾಗಿ ವಿಸ್ತಾರಗೊಂಡದ್ದನ್ನು ನೋಡಿದರೆ, ಆಗೊಮ್ಮೆ ಈಗೊಮ್ಮೆ ನಡೆಯುವ ಅಧ್ಯಯನಕ್ಕೂ ನಿಯತವಾಗಿ ನಡೆಯುವ ಸಮೀಕ್ಷೆಗೂ ಇರುವ ವ್ಯತ್ಯಾಸ ಅರ್ಥವಾಗುತ್ತದೆ.

ತನ್ನ ಆಡಳಿತದ ಅಳತೆಯನ್ನು ತಾನೇ ಮಾಡುವ ಸರ್ಕಾರಕ್ಕೆ ಅಳತೆಗಾರನ ಸ್ವಾತಂತ್ರ್ಯವೇ ಮೊದಲ ಷರತ್ತು. 2014ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನುಮೋದಿಸಿದ ಅಧಿಕೃತ ಅಂಕಿಅಂಶಗಳ ಮೂಲತತ್ವಗಳು ನಿಷ್ಪಕ್ಷಪಾತವನ್ನೂ, ಉತ್ತರಿಸಿದವರ ವಿವರಗಳ ಗೋಪ್ಯತೆಯನ್ನೂ ವಿಧಿಸುತ್ತವೆ. ಫಲಿತಾಂಶ ಯಾರಿಗೆ ಇರುಸುಮುರುಸಾದರೂ ಮೊದಲೇ ಸಾರಿದ ದಿನದಂದು ಅದು ಪ್ರಕಟವಾಗಬೇಕು, ಪ್ರಶ್ನೆಗಳು ಸರ್ಕಾರ ಬದಲಾದಂತೆ ಬದಲಾಗಬಾರದು. ಪ್ರಾಯಾ ಗುಂಪಿನ ಕೈಪಿಡಿ ಎಷ್ಟು ಉತ್ತಮವಾಗಿದ್ದರೂ ಈ ಎರಡು ಕಟ್ಟುಪಾಡುಗಳನ್ನು ಪ್ರತಿ ದೇಶವೂ ತನ್ನ ಶಾಸನದಿಂದಲೇ ಹಾಕಿಕೊಳ್ಳಬೇಕು.

ಕರ್ನಾಟಕದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ರಾಷ್ಟ್ರೀಯ ಮಾದರಿ ಸಮೀಕ್ಷೆಯ ರಾಜ್ಯ ಮಾದರಿಯ ಕೆಲಸವನ್ನು ಹಲವು ಸುತ್ತುಗಳಿಂದ ನಿರ್ವಹಿಸುತ್ತ ಬಂದಿದ್ದು, ಅದಕ್ಕೆ ಬೇಕಾದ ಕ್ಷೇತ್ರ ಸಿಬ್ಬಂದಿಯೂ ಅನುಭವವೂ ಅದರಲ್ಲಿವೆ. ನಿಯಾಮೆ ಮತ್ತು ಬಮಾಕೊಗಳ ಕಚೇರಿಗಳು ಇಪ್ಪತ್ತು ವರ್ಷಗಳಿಗೂ ಹಿಂದೆ ಮಾಡಿದಂತೆ, ಲಂಚ, ಸುರಕ್ಷತೆ, ನ್ಯಾಯ ಮತ್ತು ನಂಬಿಕೆಯ ಕುರಿತ ಕಿರು ಪ್ರಶ್ನಾಭಾಗವೊಂದನ್ನು ಅಂಥ ಸುತ್ತಿಗೆ ಜೋಡಿಸಿ, ಜಿಲ್ಲಾವಾರು ಫಲಿತಾಂಶಗಳನ್ನು ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ರಾಜ್ಯವು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.